ಯಾವ ಚೈನು, ಯಾವಾಗ ನೋಡಿದ್ದು? ಕಾಮಗಾರಿಯ ಲೆಕ್ಕ ಇಡುವ ಡೇಟಾಬೇಸ್ ಹೀಗಿರುತ್ತದೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ (ಡ್ಯಾಮಿನ ನೆತ್ತಿಯಿಂದ ಹೊಳೆಗೆ ನೀರು ಬಿಡುವ ಗೇಟು) ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಡ್ಯಾಮು ತುಂಬಿದ್ದ ಹೊತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಹೊಳೆಗೆ ನೀರು ಬಿಡಬೇಕಾಯಿತು. ಎಡದಂಡೆ ಕಾಲುವೆ ನಂಬಿಕೊಂಡ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯವರು, ಬಲದಂಡೆ ಕಡೆಯ ಕಂಪ್ಲಿ, ಸಿರುಗುಪ್ಪ, ಬಳ್ಳಾರಿಯವರು, ಎಲ್ಲರ ಜೀವವೂ ಆ ಒಂದು ಕಂಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಸುಮಾರು ಒಂದು ವಾರದಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಂಡಿ ಮುಚ್ಚುವ ಉಕ್ಕಿನ ಅಡ್ಡ ಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಆಮೇಲೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು.

ಆ ದಿನಗಳಲ್ಲಿ ಚಹಾದಂಗಡಿಯಿಂದ ಹಿಡಿದು ವಿಧಾನಸಭೆ ತನಕ ಕೇಳಿಬಂದ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಆ ಚೈನು ಎಷ್ಟು ಹಳೆಯದು? ಕೊನೆಯ ಸಲ ನೋಡಿದ್ದು ಯಾವಾಗ? ನೋಡಿದವರು ಏನು ಬರೆದಿದ್ದರು? ಉಳಿದ 32 ಗೇಟುಗಳ ಸ್ಥಿತಿ ಏನು? ಇಂಥ ಪ್ರಶ್ನೆಗೆ ಉತ್ತರ ಇರುವುದು ದಾಖಲೆಯಲ್ಲಿ. ಇಲ್ಲಿ ಯಾರ ತಪ್ಪು ಅನ್ನುವ ಚರ್ಚೆಗೆ ಹೋಗುವುದಿಲ್ಲ. ಡ್ಯಾಮು, ಕಾಲುವೆ, ಸೇತುವೆ, ವಿದ್ಯುತ್ ಸ್ಥಾವರದಂಥ ದೊಡ್ಡ ಕೆಲಸದ ಮಾಹಿತಿಯನ್ನು ಕೇಳಿದ ಕೂಡಲೇ ಉತ್ತರ ಸಿಗುವ ಹಾಗೆ ಇಡುವುದು ಹೇಗೆ, ಅದಕ್ಕೆ ರಿಲೇಷನಲ್ ಡೇಟಾಬೇಸ್, ಅಂದರೆ ಒಂದಕ್ಕೊಂದು ಜೋಡಿಸಿದ ಟೇಬಲುಗಳ ಸಂಗ್ರಹ, ಯಾಕೆ ಬೇಕು, ಅದನ್ನು ನೋಡೋಣ.

## ಒಂದು ಕ್ಯೂಬಿನ ಹಿಂದೆ ಎಷ್ಟು ಮಾಹಿತಿ

ಕಾಂಕ್ರೀಟ್ ಹಾಕುವ ಜಾಗಕ್ಕೆ ಹೋದರೆ ಪಕ್ಕದಲ್ಲಿ ಕಬ್ಬಿಣದ ಚಿಕ್ಕ ಅಚ್ಚುಗಳು ಕಾಣುತ್ತವೆ. ಪ್ರತಿ ಬದಿ 150 ಮಿಲಿಮೀಟರ್. ಅವತ್ತು ಹಾಕಿದ ಕಾಂಕ್ರೀಟನ್ನೇ ಅದರಲ್ಲಿ ತುಂಬುತ್ತಾರೆ. ಮಾರನೇ ದಿನ ಅಚ್ಚು ಬಿಚ್ಚಿ, ಕ್ಯೂಬಿನ ಮೇಲೆ ಗುರುತು ಬರೆದು, ನೀರಿನ ತೊಟ್ಟಿಗೆ ಇಳಿಸುತ್ತಾರೆ. 7 ದಿನಕ್ಕೆ ಕೆಲವು, 28 ದಿನಕ್ಕೆ ಕೆಲವು ತೆಗೆದು ಮಷಿನ್‌ನಲ್ಲಿಟ್ಟು ಒಡೆಯುವವರೆಗೆ ಒತ್ತುತ್ತಾರೆ. ಎಂ25 ಕಾಂಕ್ರೀಟ್ ಆದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ತಾಳುವ ಬಲ ಬರಬೇಕು.

ಈಗ ನೋಡಿ. ಈ ಒಂದು ಕ್ಯೂಬಿಗೆ ಸಂಬಂಧಪಟ್ಟ ಮಾಹಿತಿ ಎಷ್ಟು ಕಡೆ ಇರುತ್ತದೆ ಅಂತ. ಯಾವ ಪಿಲ್ಲರ್‌ನ ಯಾವ ಎತ್ತರದ ಕಾಂಕ್ರೀಟ್ ಅನ್ನುವುದು ಸೈಟಿನ ರಿಜಿಸ್ಟರ್‌ನಲ್ಲಿ. ಸಿಮೆಂಟು ಯಾವ ಲೋಡಿನದು ಅನ್ನುವುದು ಸ್ಟೋರಿನ ಪುಸ್ತಕದಲ್ಲಿ. ಯಾವ ಡ್ರಾಯಿಂಗ್ ಪ್ರಕಾರ ಕಟ್ಟಿದ್ದು, ಅದರ ಎಷ್ಟನೇ ರಿವಿಷನ್ (ತಿದ್ದಿದ ಪ್ರತಿ) ಅನ್ನುವುದು ಆಫೀಸಿನಲ್ಲಿ. ಒಡೆದ ಫಲಿತಾಂಶ ಲ್ಯಾಬಿನಲ್ಲಿ. ಅಳತೆ ಎಂ.ಬಿ.ಯಲ್ಲಿ, ಅಂದರೆ ಮೆಷರ್‌ಮೆಂಟ್ ಬುಕ್‌ನಲ್ಲಿ. ಹಣ ಕೊಟ್ಟಿದ್ದು ಬಿಲ್ಲಿನಲ್ಲಿ.

28 ದಿನ ಕಳೆದು ಫಲಿತಾಂಶ ಕಡಿಮೆ ಬಂತು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಅದರ ಮೇಲೆ ಇನ್ನೊಂದು ಹಂತದ ಕಾಂಕ್ರೀಟ್ ಬಿದ್ದಿರುತ್ತದೆ. ಎಂಜಿನಿಯರಿಗೆ ತಕ್ಷಣ ಬೇಕಾಗುವುದು: ಅದೇ ಲೋಡಿನ ಸಿಮೆಂಟು ಬೇರೆ ಎಲ್ಲೆಲ್ಲಿ ಹೋಗಿದೆ? ಆರು ಪುಸ್ತಕ ತಿರುವಿ ಹಾಕಿದರೆ ಉತ್ತರ ಸಿಗುತ್ತದೆ, ಆದರೆ ಸಿಗುವಷ್ಟರಲ್ಲಿ ವಾರ ಕಳೆದಿರುತ್ತದೆ. ಎಂಜಿನಿಯರಿಂಗ್ ಮಾಹಿತಿ ತಲೆನೋವಾಗುವುದು ಜಾಸ್ತಿ ಇರುವುದರಿಂದಲ್ಲ. ಒಂದಕ್ಕೊಂದು ಹೆಣೆದುಕೊಂಡಿರುವ ಮಾಹಿತಿಯನ್ನು ನಾವು ಬಿಡಿಬಿಡಿಯಾಗಿ ಇಡುತ್ತೇವೆ, ತೊಂದರೆ ಅಲ್ಲಿ.

## ಎಕ್ಸೆಲ್ ಎಲ್ಲಿಯವರೆಗೆ ಸಾಕು

ಸಣ್ಣ ಕೆಲಸಕ್ಕೆ ಎಕ್ಸೆಲ್ ಸಾಕು. ಒಂದು ಸಿಸಿ ರಸ್ತೆ, ಒಬ್ಬ ಜೆಇ (ಜೂನಿಯರ್ ಎಂಜಿನಿಯರ್), ಒಂದು ಲ್ಯಾಪ್‌ಟಾಪ್ ಇದ್ದಲ್ಲಿ ಡೇಟಾಬೇಸ್ ಕಟ್ಟಲು ಹೊರಡುವುದು ಸುಮ್ನೆ ದುಡ್ಡು ದಂಡ.

ಕೆಲಸ ಬೆಳೆದಾಗ ಕಷ್ಟ ಶುರುವಾಗುತ್ತದೆ. ಒಂದೇ ಗುತ್ತಿಗೆದಾರರ ಹೆಸರು ನೂರಾರು ಸಾಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಸ್ವಲ್ಪ ಬೇರೆ ಸ್ಪೆಲ್ಲಿಂಗಿನಲ್ಲಿ. ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಳ್ಳಾರಿ ಹೋಗಿ ಬಳ್ಳಾರಿ ಆಯಿತು. ಹಳೇ ಫೈಲಿನಲ್ಲಿ ಒಂದು, ಹೊಸ ಫೈಲಿನಲ್ಲಿ ಇನ್ನೊಂದು. ಕಂಪ್ಯೂಟರ್ ಅವೆರಡನ್ನೂ ಬೇರೆ ಬೇರೆ ಊರು ಅಂತಲೇ ಲೆಕ್ಕ ಹಾಕುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ ಬಳ್ಳಾರಿ ಜಿಲ್ಲೆಯಿಂದ ಆಚೆ ಹೋಯಿತು. ಪ್ರತಿ ಸಾಲಿನಲ್ಲೂ ಜಿಲ್ಲೆಯ ಹೆಸರು ಬರೆದಿಟ್ಟವರು ಎಷ್ಟು ಸಾಲು ತಿದ್ದಬೇಕು ಯೋಚಿಸಿ.

ಎಕ್ಸೆಲ್ ತಾನೇ ಬುದ್ಧಿವಂತಿಕೆ ತೋರಿಸುವುದೂ ಉಂಟು. ಭಾಗದ ಗುರುತು 3-4 ಅಂತ ಟೈಪ್ ಮಾಡಿದರೆ ಅದನ್ನು ದಿನಾಂಕವಾಗಿ ಬದಲಿಸಿಬಿಡುತ್ತದೆ. ಇನ್ನು ಅಳತೆ ಮೀರಿದಾಗ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. ಎಕ್ಸೆಲ್‌ನ ಹಳೇ ಮಾದರಿಯ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ. 2020ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಕೋವಿಡ್ ಫಲಿತಾಂಶಗಳನ್ನು ಅಂಥ ಫೈಲಿಗೆ ತುಂಬಿಸುತ್ತಿದ್ದರು. ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸುಮಾರು 16,000 ಪ್ರಕರಣಗಳು ಆ ದಿನಗಳ ಲೆಕ್ಕದಿಂದ ಬಿಟ್ಟುಹೋಗಿದ್ದವು.

## ಪಹಣಿಯ ನಂಬರ್ ಮಾಡುವ ಕೆಲಸ

ರಿಲೇಷನಲ್ ಡೇಟಾಬೇಸಿನ ಮೂಲ ಗುಟ್ಟು ಹೊಲ ಇರುವ ಯಾರಿಗಾದರೂ ಗೊತ್ತು. ಕೊಪ್ಪಳದ ಕಡೆ ಒಂದೇ ಊರಲ್ಲಿ ನಾಲ್ಕು ಜನ ಹನುಮಂತಪ್ಪ ಇರುತ್ತಾರೆ. ಹೆಸರು ಹಿಡಿದು ಹೊಲ ಹುಡುಕಲು ಹೋದರೆ ಜಗಳವೇ. ಅದಕ್ಕೆ ಸರ್ವೆ ನಂಬರ್, ಹಿಸ್ಸಾ ನಂಬರ್ ಇವೆ. ಪಹಣಿ ಬೇರೆ ಕಾಗದ, ಮ್ಯುಟೇಶನ್ ಬೇರೆ ಕಾಗದ, ನಕ್ಷೆ ಬೇರೆ ಕಾಗದ. ಮೂರನ್ನೂ ಹಿಡಿದು ಕಟ್ಟಿರುವುದು ಆ ನಂಬರ್. ಹೊಲ ಮಾರಾಟವಾದರೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ನಕ್ಷೆಯನ್ನು ಯಾರೂ ಮುಟ್ಟುವುದಿಲ್ಲ. ನಕ್ಷೆಯಲ್ಲಿ ಮಾಲೀಕರ ಹೆಸರೇ ಇಲ್ಲವಲ್ಲ.

ಡೇಟಾಬೇಸಿನಲ್ಲೂ ಹೀಗೇ. ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಟೇಬಲ್. ಅಡ್ಡ ಸಾಲು ಅಂದರೆ ಒಂದು ವಸ್ತು ಅಥವಾ ಒಂದು ಘಟನೆ. ಉದ್ದ ಕಾಲಂ ಅಂದರೆ ಅದರ ಒಂದು ಗುಣ. ಪ್ರತಿ ಸಾಲಿಗೂ ಬೇರೆ ಯಾರಿಗೂ ಇರದ ಒಂದು ಗುರುತಿನ ನಂಬರ್ ಇರುತ್ತದೆ. ಅದಕ್ಕೆ ಪ್ರೈಮರಿ ಕೀ ಅನ್ನುತ್ತಾರೆ. ಆ ನಂಬರನ್ನು ಬೇರೆ ಟೇಬಲಿನಲ್ಲಿ ಬರೆದು ಎರಡನ್ನೂ ಜೋಡಿಸಿದಾಗ ಅಲ್ಲಿ ಅದು ಫಾರಿನ್ ಕೀ. ಒಂದು ವಿಷಯವನ್ನು ಒಂದೇ ಕಡೆ ಬರೆಯಬೇಕು, ಬೇರೆ ಕಡೆ ಬೇಕಾದಾಗ ನಂಬರ್ ಮೂಲಕ ತರಿಸಿಕೊಳ್ಳಬೇಕು. ಟೇಬಲುಗಳನ್ನು ಹೀಗೆ ಬಿಡಿಸಿ ಕಟ್ಟುವ ಕೆಲಸಕ್ಕೆ ನಾರ್ಮಲೈಸೇಶನ್ ಎಂದು ಹೆಸರು. ತಾಲ್ಲೂಕುಗಳ ಟೇಬಲಿನಲ್ಲಿ ಹೊಸಪೇಟೆಯ ಜಿಲ್ಲೆ ಬದಲಿಸಿದರೆ ಆಯಿತು, ಹೊಸಪೇಟೆಗೆ ಸೇರಿದ ಸಾವಿರ ದಾಖಲೆಯೂ ಸರಿಹೋಗುತ್ತವೆ.

## ಇದು ಶುರುವಾಗಿದ್ದು ಚಂದ್ರನಿಗೆ ಹೋಗುವ ರಾಕೆಟ್ಟಿನಿಂದ

ದೊಡ್ಡ ಡೇಟಾಬೇಸುಗಳ ಹುಟ್ಟಿಗೂ ಎಂಜಿನಿಯರಿಂಗ್ ಕೆಲಸಕ್ಕೂ ಹಳೇ ನಂಟಿದೆ. 1960ರ ದಶಕದಲ್ಲಿ ಅಮೆರಿಕದ ಅಪೊಲೊ ಯೋಜನೆಗೆ ಸ್ಯಾಟರ್ನ್ 5 ರಾಕೆಟ್ ಕಟ್ಟುವಾಗ ಬಿಡಿಭಾಗಗಳ ಪಟ್ಟಿ ನೋಡಿಕೊಳ್ಳುವುದೇ ದೊಡ್ಡ ಸವಾಲಾಗಿತ್ತು. ಅದಕ್ಕೆಂದು ಐಬಿಎಂ ಕಂಪನಿ ಐಎಂಎಸ್ ಎಂಬ ವ್ಯವಸ್ಥೆ ಕಟ್ಟಿತು. ಅದರಲ್ಲಿ ಮಾಹಿತಿ ಮರದ ಹಾಗೆ ಮೇಲಿನಿಂದ ಕೆಳಕ್ಕೆ ಕವಲೊಡೆಯುತ್ತಿತ್ತು. ರಾಕೆಟ್, ಅದರೊಳಗೆ ಎಂಜಿನ್, ಎಂಜಿನ್‌ನೊಳಗೆ ಪಂಪು. ಈ ಎಂಜಿನ್‌ನಲ್ಲಿ ಏನೇನಿದೆ ಅಂದರೆ ಥಟ್ಟನೆ ಹೇಳುತ್ತಿತ್ತು. ಈ ಬೋಲ್ಟು ಎಲ್ಲೆಲ್ಲಿ ಹಾಕಿದೆ ಅಂತ ತಿರುಗಿಸಿ ಕೇಳಿದರೆ ಕಷ್ಟ. ಪ್ರಶ್ನೆ ಯಾವ ದಿಕ್ಕಿನಿಂದ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕಿತ್ತು.

ಐಬಿಎಂನಲ್ಲೇ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್ 1970ರಲ್ಲಿ ಬೇರೆ ದಾರಿ ತೋರಿಸಿದರು. ಎಲ್ಲವನ್ನೂ ಸಮಾನ ಟೇಬಲುಗಳಲ್ಲಿಡಿ, ಸಂಬಂಧವನ್ನು ನಂಬರಿನಿಂದ ಹೇಳಿ, ಆಗ ಯಾವ ಕಡೆಯಿಂದ ಬೇಕಾದರೂ ಪ್ರಶ್ನೆ ಕೇಳಬಹುದು ಅನ್ನುವುದು ಅವರ ವಾದ. 1974ರಲ್ಲಿ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಹೀಗೆ ಪ್ರಶ್ನೆ ಕೇಳಲು ಒಂದು ಭಾಷೆ ರೂಪಿಸಿದರು. ಇವತ್ತಿನ ಎಸ್‌ಕ್ಯೂಎಲ್ ಅದೇ. ಕಾಡ್ ಅವರಿಗೆ 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

## ಗೇಟುಗಳಿಗೆ ಟೇಬಲ್ ಕಟ್ಟಿ ನೋಡೋಣ

ಈಗ 33 ಗೇಟಿನ ಒಂದು ಡ್ಯಾಮಿಗೆ ನಾವೇ ಡೇಟಾಬೇಸ್ ಕಟ್ಟೋಣ. ಇದು ವಿವರಣೆಗೆ ಕಟ್ಟಿಕೊಂಡ ಉದಾಹರಣೆ, ತುಂಗಭದ್ರಾ ಮಂಡಳಿಯ ದಾಖಲೆಯಲ್ಲ.

ಮೊದಲನೆಯದು ಗೇಟುಗಳ ಟೇಬಲ್. 1ರಿಂದ 33, ಒಟ್ಟು 33 ಸಾಲು. ಇದು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಎರಡನೆಯದು ಸ್ಥಾನಗಳ ಟೇಬಲ್: 7ನೇ ಗೇಟಿನ ಎಡ ಚೈನಿನ ಜಾಗ, ಬಲ ಚೈನಿನ ಜಾಗ, ರಬ್ಬರ್ ಸೀಲಿನ ಜಾಗ. ಮೂರನೆಯದು ವಸ್ತುಗಳ ಟೇಬಲ್: ಇಂಥ ನಂಬರಿನ ಚೈನು, ಇಂಥ ವರ್ಷ ತಯಾರಾಗಿದ್ದು, ಇಂಥ ಉಕ್ಕಿನದು.

ಸ್ಥಾನ ಮತ್ತು ವಸ್ತು ಎರಡೂ ಒಂದೇ ಅಲ್ವಾ, ಬೇರೆ ಯಾಕೆ ಅಂತ ಅನ್ನಿಸಬಹುದು. ಬಹಳ ಕಡೆ ಎಡವುವುದು ಇಲ್ಲೇ. 7ನೇ ಗೇಟಿನ ಎಡ ಚೈನು ಅಂತ ಒಂದೇ ಸಾಲು ಮಾಡಿ, ಅದರ ಮುಂದೆ ಎಲ್ಲಾ ತಪಾಸಣೆ ಬರೆಯುತ್ತಾ ಹೋದಿರಿ ಅಂದುಕೊಳ್ಳಿ. ಒಂದು ದಿನ ಹಳೇ ಚೈನು ತೆಗೆದು ಹೊಸದು ಹಾಕಿದಿರಿ. ಈಗ ಆ ಸಾಲು ಯಾರದು? ಹಳೇ ಚೈನಿನ ಸವೆತವೆಲ್ಲ ಹೊಸದರ ಲೆಕ್ಕಕ್ಕೆ ಸೇರಿತು. ಹಳೇ ಚೈನನ್ನು ರಿಪೇರಿ ಮಾಡಿ 12ನೇ ಗೇಟಿಗೆ ಹಾಕಿದರೆ, ಅದರ ಇತಿಹಾಸ 7ರಲ್ಲೇ ಉಳಿಯಿತು, ಮೈ ಮಾತ್ರ 12ಕ್ಕೆ ಹೋಯಿತು. ಶಕ್ತಿನಗರ, ಕುಡತಿನಿಯಲ್ಲಿರುವಂಥ ಥರ್ಮಲ್ ಸ್ಥಾವರಗಳಲ್ಲಿ ಪಂಪು, ಮೋಟಾರುಗಳು ವರ್ಕ್‌ಶಾಪಿಗೆ ಹೋಗಿ ಬೇರೆ ಜಾಗದಲ್ಲಿ ಕೂರುವುದು ದಿನನಿತ್ಯದ ಮಾತು. ಅದಕ್ಕೇ ಆ ಕೆಲಸ ಬಲ್ಲವರು ಜಾಗಕ್ಕೆ ಟ್ಯಾಗ್ ನಂಬರ್, ಯಂತ್ರಕ್ಕೆ ಸೀರಿಯಲ್ ನಂಬರ್ ಅಂತ ಎರಡು ಇಡುತ್ತಾರೆ.

ಇವೆರಡನ್ನೂ ಜೋಡಿಸಲು ನಾಲ್ಕನೆಯ ಟೇಬಲ್: ಯಾವ ವಸ್ತು, ಯಾವ ಸ್ಥಾನದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ. ಐದನೆಯದು ತಪಾಸಣೆಯ ಟೇಬಲ್: ಯಾವ ವಸ್ತು, ಯಾವ ದಿನ, ಯಾರು ನೋಡಿದರು, ಎಷ್ಟು ಮಿಲಿಮೀಟರ್ ಸವೆದಿದೆ. ಫೋಟೊ ಇದ್ದರೆ ಅದು ಎಲ್ಲಿದೆ ಅನ್ನುವುದನ್ನು ಇದರಲ್ಲೇ ಬರೆಯಬಹುದು. ಡ್ರಾಯಿಂಗುಗಳಿಗೆ ಒಂದು ಟೇಬಲ್, ರಿವಿಷನ್‌ಗಳಿಗೆ ಇನ್ನೊಂದು. ಹಳೇ ರಿವಿಷನ್ ಅಳಿಸಬಾರದು, ಯಾಕೆಂದರೆ ಆಗ ಕಟ್ಟಿದ್ದು ಅದರ ಪ್ರಕಾರವೇ.

## ಬರೆಯದೇ ಬಿಟ್ಟಿದ್ದನ್ನು ಹುಡುಕುವುದು

ರಿಜಿಸ್ಟರ್‌ನಲ್ಲಿ ಬರೆದದ್ದು ಕಾಣುತ್ತದೆ. ಬರೆಯದೇ ಬಿಟ್ಟದ್ದು ಕಾಣುವುದಿಲ್ಲ. ತಪಾಸಣೆ ರಿಜಿಸ್ಟರ್‌ನ ಪುಟವೆಲ್ಲ ತುಂಬಿ, ಸಹಿ ಸೀಲು ಎಲ್ಲಾ ಸರಿ ಇದ್ದರೂ, ಒಂದು ಚೈನಿನ ಹೆಸರು ಅದರಲ್ಲಿ ಒಮ್ಮೆಯೂ ಬರದೇ ಇರಬಹುದು. ತಿರುವಿ ನೋಡಿದವರಿಗೆ ಅದು ಹೊಳೆಯುವುದೂ ಇಲ್ಲ. ಅನಾಹುತ ಆದಮೇಲೆ ಬರುವ ಪ್ರಶ್ನೆ ಮಾತ್ರ ಇದೇ ಆಗಿರುತ್ತದೆ: ಯಾವುದನ್ನು ನೋಡದೇ ಬಿಟ್ಟಿದ್ದೆವು?

ನನ್ನ ಮಟ್ಟಿಗೆ ರಿಲೇಷನಲ್ ಡೇಟಾಬೇಸಿನ ದೊಡ್ಡ ಬಲ ಇಲ್ಲಿದೆ. ಇರಬೇಕಾದ ವಸ್ತುಗಳ ಪಟ್ಟಿ ಒಂದು ಟೇಬಲ್, ಆದ ತಪಾಸಣೆಗಳ ಪಟ್ಟಿ ಇನ್ನೊಂದು ಟೇಬಲ್. ಎರಡೂ ಬೇರೆ ಇರುವುದರಿಂದ ಒಂದನ್ನು ಇನ್ನೊಂದರ ಎದುರು ನಿಲ್ಲಿಸಬಹುದು. ಡೇಟಾಬೇಸಿಗೆ ನಾವು ಹೇಳುವುದು ಇಷ್ಟು: ಎಲ್ಲಾ ವಸ್ತುಗಳನ್ನೂ ಸಾಲಾಗಿ ನಿಲ್ಲಿಸು, ಪ್ರತಿಯೊಂದರ ಪಕ್ಕ ಅದರ ಕೊನೆಯ ತಪಾಸಣೆಯ ದಿನಾಂಕ ಇಡು, ದಿನಾಂಕವೇ ಇಲ್ಲದವು ಮತ್ತು ಒಂದು ವರ್ಷ ದಾಟಿದವು, ಅವನ್ನಷ್ಟೇ ತೋರಿಸು. ಹೀಗೆ ಕೇಳುವ ಪ್ರಶ್ನೆಗೆ ಕ್ವೆರಿ ಅನ್ನುತ್ತಾರೆ. ಜೋಡಿ ಸಿಗದ ಸಾಲನ್ನೂ ಬಿಡದೆ ತೋರಿಸುವ ಈ ಬಗೆಯ ಜೋಡಣೆಗೆ ಲೆಫ್ಟ್ ಜಾಯಿನ್ ಎಂದು ಹೆಸರು. ಬರೆದರೆ ಐದಾರು ಸಾಲು. ಒಮ್ಮೆ ಬರೆದಿಟ್ಟರೆ ಪ್ರತಿ ಸೋಮವಾರ ಬೆಳಿಗ್ಗೆ ತಾನೇ ಓಡಿ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಅವರ ಮೊಬೈಲಿಗೆ ಪಟ್ಟಿ ಕಳಿಸುವ ಹಾಗೆ ಮಾಡಬಹುದು.

ಖಾಲಿ ಮತ್ತು ಸೊನ್ನೆ ಒಂದೇ ಅಲ್ಲ ಅನ್ನುವುದೂ ಇದಕ್ಕೆ ಸೇರಿದ ಮಾತು. ಸವೆತದ ಕಾಲಂನಲ್ಲಿ 0 ಇದ್ದರೆ ಅಳೆದಿದ್ದಾರೆ, ಸವೆದಿಲ್ಲ ಅಂತ ಅರ್ಥ. ಖಾಲಿ ಇದ್ದರೆ ಅಳೆದೇ ಇಲ್ಲ. ಡೇಟಾಬೇಸಿನಲ್ಲಿ ಈ ಖಾಲಿಗೆ ನಲ್ ಎಂಬ ಬೇರೆ ಗುರುತೇ ಇದೆ. ಖಾಲಿ ಬಿಟ್ಟ ಜಾಗಕ್ಕೆಲ್ಲ ಸುಮ್ನೆ 0 ತುಂಬಿದರೆ ನೋಡದೇ ಇರುವ ಚೈನು ಹೊಚ್ಚಹೊಸದರಂತೆ ಕಾಣುತ್ತದೆ.

## ಎಂ.ಬಿ.ಯ ಶಿಸ್ತು, ಕಂಪ್ಯೂಟರಿನಲ್ಲಿ

ಲೋಕೋಪಯೋಗಿ, ನೀರಾವರಿ ಕೆಲಸ ಮಾಡಿದವರಿಗೆ ಎಂ.ಬಿ.ಯ ಕಟ್ಟುನಿಟ್ಟು ಗೊತ್ತು. ಪುಟಕ್ಕೆ ನಂಬರ್ ಇರುತ್ತದೆ, ಹಾಳೆ ಹರಿಯುವಂತಿಲ್ಲ, ಉಜ್ಜಿ ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಬಿಲ್ಲಾದ ಅಳತೆಗೆ ಕೆಂಪು ಶಾಯಿಯಲ್ಲಿ ಓರೆ ಗೆರೆ, ಮತ್ತೆ ಅದಕ್ಕೇ ಬಿಲ್ ಆಗದಿರಲಿ ಅಂತ. ಒಳ್ಳೆಯ ಡೇಟಾಬೇಸ್ ಈ ಶಿಸ್ತನ್ನು ಬಿಡುವುದಿಲ್ಲ. ಯಾರು, ಯಾವಾಗ, ಏನಿದ್ದದ್ದನ್ನು ಏನು ಮಾಡಿದರು ಅನ್ನುವುದು ಬೇರೆ ಟೇಬಲಿಗೆ ತಾನೇ ದಾಖಲಾಗುತ್ತದೆ. ಒಂದು ಅಳತೆಯ ಸಾಲಿಗೆ ಒಂದೇ ಬಿಲ್ ನಂಬರ್ ಅಂತ ನಿಯಮ ಹಾಕಿದರೆ ಎರಡನೆಯದನ್ನು ಅದು ಒಪ್ಪುವುದೇ ಇಲ್ಲ.

ಇಂಥ ನಿಯಮಗಳಿಗೆ ಕನ್‌ಸ್ಟ್ರೇಂಟ್ ಅನ್ನುತ್ತಾರೆ. ಕ್ಯೂಬ್ ಒಡೆದ ದಿನ, ಹಾಕಿದ ದಿನಕ್ಕಿಂತ ಹಿಂದೆ ಇರಬಾರದು. ಪಟ್ಟಿಯಲ್ಲಿ ಇಲ್ಲದ ಚೈನಿಗೆ ತಪಾಸಣೆ ಬರೆಯಲು ಬಿಡಬಾರದು. ಎತ್ತರ ಅಡಿಯಲ್ಲೋ ಮೀಟರಿನಲ್ಲೋ ಅನ್ನುವುದು ಖಚಿತವಾಗಿರಬೇಕು. ತುಂಗಭದ್ರೆಯ ಪೂರ್ಣ ಮಟ್ಟ 1633 ಅಡಿ ಅಂದರೂ ಅದೇ, ಸುಮಾರು 497.7 ಮೀಟರ್ ಅಂದರೂ ಅದೇ. ಎರಡೂ ಒಂದೇ ಕಾಲಂನಲ್ಲಿ ಬೆರೆತರೆ ಲೆಕ್ಕ ಕೆಟ್ಟಿತು.

ಟ್ರಾನ್ಸಾಕ್ಷನ್ ಅನ್ನುವುದು ಇನ್ನೊಂದು ಕಾವಲು. ಚೈನು ಬದಲಿಸಿದಾಗ ಎರಡು ಕಡೆ ಬರೆಯಬೇಕು: ಹಳೆಯದು ಇಂದಿಗೆ ಮುಗಿಯಿತು, ಹೊಸದು ಇಂದಿನಿಂದ ಶುರು. ಮೊದಲನೆಯದು ಬರೆದು ಎರಡನೆಯದಕ್ಕೆ ಮುಂಚೆ ಕರೆಂಟು ಹೋದರೆ? ಡೇಟಾಬೇಸ್ ಎರಡನ್ನೂ ಒಟ್ಟಿಗೆ ಉಳಿಸುತ್ತದೆ, ಇಲ್ಲ ಎರಡನ್ನೂ ಬಿಡುತ್ತದೆ. ಅರ್ಧಕ್ಕೆ ನಿಲ್ಲುವುದಿಲ್ಲ.

## ರೆಡಿಮೇಡ್ ಇರುವಾಗ ಸ್ವಂತದ್ದು ಯಾಕೆ

ದೊಡ್ಡ ಕಾರ್ಖಾನೆಗಳು ಸ್ಯಾಪ್‌ನಂಥ ಸಾಫ್ಟ್‌ವೇರ್ ಬಳಸುತ್ತವೆ. ಕೆಲಸದ ವೇಳಾಪಟ್ಟಿಗೆ ಪ್ರೈಮಾವೆರಾ ಇದೆ. ಇವು ಒಳ್ಳೆಯವೇ. ಆದರೆ ಇವುಗಳ ಟೇಬಲುಗಳನ್ನು ಎಲ್ಲರಿಗೂ ಹೊಂದುವಂತೆ ಹೊಲಿದಿರುತ್ತಾರೆ. ಲೈಸೆನ್ಸಿನ ಖರ್ಚು ಬೇರೆ. ಒಂದು ಉಪಕಾಲುವೆಯ ಆಧುನೀಕರಣ ಮಾಡುವ ತಂಡಕ್ಕೆ ಬೇಕಾದದ್ದು ಚೈನೇಜ್ (ಕಾಲುವೆಯ ಶುರುವಿನಿಂದ ಇರುವ ದೂರ), ತೂಬು, ಅಚ್ಚುಕಟ್ಟು, ಕೊನೇ ಭಾಗದ ಹೊಲಕ್ಕೆ ನೀರು ತಲುಪಿತೇ ಅನ್ನುವುದು. ಈ ಮಾತುಗಳನ್ನೇ ಹಿಡಿದು ಕಟ್ಟಿದ್ದು ಸ್ವಂತ ಡೇಟಾಬೇಸ್.

ಸಾಧನಗಳಿಗೆ ಹೆಚ್ಚು ದುಡ್ಡು ಬೇಕಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಉಚಿತ, ಹತ್ತಾರು ಜನ ಒಟ್ಟಿಗೆ ಬಳಸಬಹುದು. 2000ದಲ್ಲಿ ಬಂದ ಎಸ್‌ಕ್ಯೂಲೈಟ್ ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುತ್ತದೆ. ಪ್ರತಿ ಆಂಡ್ರಾಯ್ಡ್ ಫೋನಿನೊಳಗೂ ಅದಿದೆ. ಮೈಕ್ರೋಸಾಫ್ಟ್ ಆಕ್ಸೆಸ್ ಕಲಿಯಲು ಸುಲಭ, ಆದರೆ ಒಂದು ಫೈಲು 2 ಜಿಬಿ ದಾಟುವಂತಿಲ್ಲ. ಕನ್ನಡದಲ್ಲಿ ಬರೆದಿಡುವವರು ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿ) ಬಳಸಲೇಬೇಕು. ಹಳೇ ನುಡಿ ಫಾಂಟಿನಲ್ಲಿ ತುಂಬಿದ ಮಾಹಿತಿ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ. ಹುಡುಕಿದರೆ ಸಿಗುವುದಿಲ್ಲ.

ಅಪಾಯವೂ ಇದೆ. ಕಟ್ಟಿದವರೊಬ್ಬರಿಗೇ ಎಲ್ಲಾ ಗೊತ್ತಿದ್ದು, ಅವರಿಗೆ ವರ್ಗವಾದರೆ ಡೇಟಾಬೇಸ್ ಅಲ್ಲಿಗೆ ನಿಂತುಹೋಗುತ್ತದೆ. ಯಾವ ಟೇಬಲಿನಲ್ಲಿ ಏನಿದೆ, ಪ್ರತಿ ಕಾಲಂನ ಅರ್ಥ ಏನು, ಅಳತೆ ಯಾವುದು ಅನ್ನುವ ವಿವರ ಅದೇ ಡೇಟಾಬೇಸಿನೊಳಗೆ ಒಂದು ಟೇಬಲಾಗಿ ಇರಬೇಕು. ಪಾಸ್‌ವರ್ಡು ವ್ಯಕ್ತಿಯ ಬಳಿಯಲ್ಲ, ಹುದ್ದೆಯ ಬಳಿ ಇರಬೇಕು. ಪ್ರತಿ ರಾತ್ರಿ ಬ್ಯಾಕಪ್, ಅದರ ಒಂದು ಪ್ರತಿ ಬೇರೆ ಊರಲ್ಲಿ. ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಿ ನೋಡುವ ಅಭ್ಯಾಸವೂ ಬೇಕು, ತೆರೆಯಲಾಗದ ಬ್ಯಾಕಪ್ ಇಟ್ಟುಕೊಂಡು ಪ್ರಯೋಜನವಿಲ್ಲ.

## ಎಲ್ಲಿಂದ ಶುರು ಮಾಡಬೇಕು

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆಯಬೇಕು. ಸೈಟಿನ ಜೆಇ, ಲ್ಯಾಬಿನವರು, ಲೆಕ್ಕಪತ್ರದವರು, ಗೇಟು ಎತ್ತುವ ಆಪರೇಟರ್, ಇವರೆಲ್ಲರನ್ನೂ ಕೂರಿಸಿಕೊಂಡು ಕೇಳಬೇಕು: ನಿಮಗೆ ಯಾವ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಾಗುತ್ತಿದೆ? ಆಪರೇಟರನ್ನು ಬಿಡಬಾರದು. ಚೈನು ಯಾವ ಸದ್ದು ಮಾಡುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ, ಅದನ್ನು ಬರೆಯಲು ಯಾವ ಫಾರಂನಲ್ಲೂ ಜಾಗ ಇರುವುದಿಲ್ಲ. ಒಂದು ಕಾಲಂ ಅವರಿಗಾಗಿಯೇ ಇಡಬಹುದು.

ಪ್ರಶ್ನೆಗಳಲ್ಲಿ ಬರುವ ಹೆಸರುಗಳು, ಅಂದರೆ ಗೇಟು, ಚೈನು, ತಪಾಸಣೆ, ಬಿಲ್ಲು, ಇವೇ ಹೆಚ್ಚುಕಮ್ಮಿ ಟೇಬಲುಗಳಾಗುತ್ತವೆ. ಆಮೇಲೆ ಒಂದೇ ಗೇಟು ಹಿಡಿದು, ಅದರ ಹಳೇ ಕಾಗದಗಳಿಂದ ಸಿಕ್ಕಷ್ಟು ಮಾಹಿತಿ ತುಂಬಿ, ಬರೆದಿಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ನೋಡಬೇಕು. ಉತ್ತರ ಬಾರದ ಕಡೆ ಒಂದು ಟೇಬಲೋ ಒಂದು ಕಾಲಮೋ ಬಿಟ್ಟುಹೋಗಿದೆ ಅಂತ ಅರ್ಥ. 33 ಗೇಟಿನ ಮಾಹಿತಿ ತುಂಬಿದ ಮೇಲೆ ತಿದ್ದುವುದಕ್ಕಿಂತ ಒಂದರಲ್ಲೇ ತಿದ್ದಿಕೊಳ್ಳುವುದು ಸುಲಭ. ಹಳೇ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿ, ಯಾವ ಸಾಲು ಯಾವ ಪುಟದಿಂದ ಬಂತು ಅನ್ನುವ ಪುಟ ಸಂಖ್ಯೆಯನ್ನೂ ಒಂದು ಕಾಲಂನಲ್ಲಿ ಬರೆದಿಡಬೇಕು. ನಾಳೆ ಯಾರಿಗಾದರೂ ಒಂದು ಅಂಕಿಯ ಮೇಲೆ ಅನುಮಾನ ಬಂದರೆ ನೇರವಾಗಿ ಆ ಪುಟಕ್ಕೇ ಹೋಗಿ ನೋಡಬಹುದು.